ವಿಮಾನದ ಕುಂಚಿಗಿ

ಬಟ್ಟೆಗಾಗಿ ಚೀಟಿ ಹಿಡಿದು ಪಾಳಿ ಹಚ್ಚುತ್ತಿದ್ದ ಕಾಲವದು. ಗೋಕಾಕ, ಹುಕ್ಕೇರಿ ಕಡೆಯ ನನ್ನ ಓರಗೆಯವರಿಗೆ ಯುದ್ಧವೆಂದರೆ ಇಷ್ಟೇ: ಅಂಗಡಿಯಲ್ಲಿ ಅರಿವೆ ಇಲ್ಲ, ಆಕಾಶದಲ್ಲಿ ವಿಮಾನ ಉಂಟು. ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ಹೊಸದಾಗಿ ವಿಮಾನ ನಿಲ್ದಾಣ ಕಟ್ಟಿದ್ದರು. ಅಲ್ಲಿಂದ ಹಾರಿದ ವಿಮಾನಕ್ಕೆ ದಾರಿಯಲ್ಲಿ ಏನಾದರೂ ಆದರೆ ಇಳಿಯಲಿ ಎಂದು, ನಮ್ಮೂರ ದನ ಮೇಯುವ ಗಾಯರಾಣವನ್ನೂ ಸಮ ಮಾಡಿ, ನಡುವೆ ಸುಣ್ಣದ ದೊಡ್ಡ ಚಕ್ರ ಬರೆದು, ಬದಿಗೊಂದು ಕಂಬ ನೆಟ್ಟಿದ್ದರು. ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಹಳದಿ ಚೀಲ. ಒಂದು ಕಡೆ ಅಗಲ ಬಾಯಿ, ಇನ್ನೊಂದು ಕಡೆ ಸಣ್ಣ ಬಾಲ. ಕೂಸಿನ ತಲೆಗೆ ಕಟ್ಟಿ ಬೆನ್ನ ಮೇಲೆ ಇಳಿಬಿಡುವ ಕುಂಚಿಗಿಯ ಹಾಗೆ ಕಾಣುತ್ತಿದ್ದುದರಿಂದ ಊರವರು ಅದನ್ನು ವಿಮಾನದ ಕುಂಚಿಗಿ ಎಂದೇ ಕರೆದರು.

ಅಲ್ಲಿಯ ಕಾವಲುಗಾರ ಬಾಳಪ್ಪ ಕಾಕಾ ಅಪ್ಪನ ಗೆಳೆಯ. ಹೆಂಡತಿ ಮಕ್ಕಳನ್ನು ತನ್ನೂರು ದಡ್ಡಿಯಲ್ಲಿ ಬಿಟ್ಟು ಬಂದಿದ್ದ. ದಿನಾ ಬೆಳಿಗ್ಗೆ ಚೀಲ ಏರಿಸುವುದು, ಮಳೆಗೆ ಅಳಿಸಿದ ಸುಣ್ಣ ಬಳಿಯುವುದು, ದೂರದಲ್ಲಿ ಗುಂಯ್ ಎಂದರೆ ಎಮ್ಮೆಗಳನ್ನು ಓಡಿಸುವುದು ಅವನ ಕೆಲಸ. ಮಧ್ಯಾಹ್ನ ಅವನಿಗೆ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಒಯ್ಯುವುದು ನನ್ನ ಕೆಲಸ. ವಿಮಾನ ಇಳಿದದ್ದನ್ನು ನಾನು ನೋಡಿದ್ದು ಎರಡೇ ಸಲ. ಎಣ್ಣೆ ಸುಟ್ಟ ವಾಸನೆ ಮಾತ್ರ ಎರಡು ದಿನ ಹುಲ್ಲಿನಲ್ಲಿ ಉಳಿದಿತ್ತು.

ಆ ಚಳಿಗಾಲದಲ್ಲಿ ನನಗೆ ತಮ್ಮ ಹುಟ್ಟಿದ. ಕುಂಚಿಗಿಗೆ ಗಟ್ಟಿ ಅರಿವೆ ಎಲ್ಲೂ ಸಿಗಲಿಲ್ಲ.

"ಹಳೇ ಸೀರಿ ತುಂಡ ಎಷ್ಟ ದಿನಾ ಸುತ್ತೂದವಾ? ಕೂಸಿನ ಕಿವ್ಯಾಗ ಗಾಳಿ ಹೊಕ್ಕರ ಹೆಂಗ?" ಎಂದು ಅಜ್ಜಿ ದಿನವೂ ಗೊಣಗುತ್ತಿದ್ದಳು.

ಕಾಕಾನ ಗುಡಿಸಲಿನ ಪೆಟ್ಟಿಗೆಯಲ್ಲಿ ಇನ್ನೊಂದು ಹೊಸ ಚೀಲ ಮಡಚಿಟ್ಟಿದ್ದು ನನಗೆ ಗೊತ್ತಿತ್ತು. ವಿಮಾನಕ್ಕೆ ಎರಡು ಕುಂಚಿಗಿ, ನನ್ನ ತಮ್ಮನಿಗೆ ಒಂದೂ ಇಲ್ಲ! ಒಂಬತ್ತು ವರ್ಷದ ನನ್ನ ನ್ಯಾಯ ಅಷ್ಟು ಸರಳವಾಗಿತ್ತು. ಕಾಕಾ ಎಮ್ಮೆ ಓಡಿಸಲು ಹೋಗಿದ್ದಾಗ, ಬುಟ್ಟಿಯಲ್ಲಿ ಅಡಗಿಸಿ ತಂದ ಅಜ್ಜಿಯ ಕತ್ತರಿಯಿಂದ ಬಾಲದ ಕಡೆ ಎರಡು ಗೇಣು ಕತ್ತರಿಸಿಕೊಂಡೆ.

"ಇದನ್ನ ಯಾರ ಕೊಟ್ರ?" ಅವ್ವ ಕೇಳಿದಳು.

"ಬಾಳಪ್ಪ ಕಾಕಾ."

ಅಜ್ಜಿ ಅಂದೇ ಹೊಲಿದಳು. ಹೆಸರಿಡುವ ದಿನ ಕಾಕಾನೂ ಊಟಕ್ಕೆ ಬಂದ. ಅವ್ವ ಕೂಸನ್ನು ತಂದು ತೋರಿಸಿದಳು. "ಅಣ್ಣಾ, ನೀವು ಕೊಟ್ಟ ಅರಿವೀಲೆ ಎಷ್ಟ ಬೆಚ್ಚಗ ಆಗೇತಿ ನೋಡ್ರಿ."

ಕಾಕಾ ಆ ಹಳದಿ ಬಟ್ಟೆ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿ ಹೋಳಿಗೆ ಮುರಿಯತೊಡಗಿದೆ.

"ಹೌದ ತಂಗಿ, ಹಳೇದೊಂದ ಬಿದ್ದಿತ್ತ," ಎಂದ.

ಮರುದಿನ ರೊಟ್ಟಿ ಒಯ್ದಾಗಲೂ ಬೈಯಲಿಲ್ಲ. "ಗಂಗೂ, ಮತ್ತೇನರ ಬೇಕಾದ್ರ ನನ್ನ ಕೇಳವಾ," ಎಂದಷ್ಟೇ ಹೇಳಿ ಊಟಕ್ಕೆ ಕೂತ. ಎರಡು ಏಟು ಬಿಟ್ಟಿದ್ದರೆ ಅತ್ತು ಹಗುರಾಗುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಜೋರು ಗಾಳಿಗೆ ಕಂಬದ ಚೀಲ ಹರಿಯಿತು. ಅದೇ ವಾರ ತಪಾಸಣೆಗೆ ಸಾಹೇಬ ಬಂದ. ಜೀಪು ನೋಡಲು ಅರ್ಧ ಊರು ನೆರೆದಿತ್ತು. ನಾನೂ ಅಪ್ಪನ ಕೈ ಹಿಡಿದು ನಿಂತಿದ್ದೆ. ಸಾಹೇಬ ಹೊಸ ಚೀಲ ತರಿಸಿ ಬಿಚ್ಚಿಸಿದ. ಬಾಲವೇ ಇರಲಿಲ್ಲ.

"ಯಾರು ಕತ್ತರಿಸಿದ್ದು?"

"ನಾನರೀ ಸಾಹೇಬ್ರ," ಎಂದ ಕಾಕಾ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಅಂದೇ ಅವನನ್ನು ಕೆಲಸದಿಂದ ತೆಗೆದರು. "ನಮ್ಮ ಕೂಸಿನ ಸಲುವಾಗಿ ಕಳ್ಳ ಆದ್ನಲ್ಲಾ ಅಣ್ಣ," ಎಂದು ಅವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಗಲೂ ನಾನು ಹೇಳಲಿಲ್ಲ. ಹೆದರಿಕೆ ಎಂದು ಬಹಳ ವರ್ಷ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಆದರೆ ನಲವತ್ತು ದಾಟಿದ ಮೇಲೆ ಯಾವ ಹೆದರಿಕೆ?

ಕಾಕಾ ತೀರಿಕೊಂಡ ಸುದ್ದಿ ಬಂದಾಗ ದಡ್ಡಿಗೆ ಹೋದೆ. ಖರೆ ಹೇಳಿಯೇ ಬರಬೇಕೆಂದು ಬಸ್ಸಿನ ತುಂಬ ಮಾತು ಜೋಡಿಸಿಕೊಂಡಿದ್ದೆ. ಅವನ ಮಗಳು ಚಹಾ ಕೊಟ್ಟು ಎದುರಿಗೆ ಕೂತಳು.

"ನಮ್ಮಪ್ಪ ದೇವರಂಥಾಂವ ಇದ್ದರೀ ಅಕ್ಕಾರ. ಆದ್ರ ಅದೊಂದ ಕಳವಿನ ಮಾತ ನಮ್ಮನ್ನ ಬಿಡಲಿಲ್ಲ. ನನ್ನ ಲಗ್ನದ ಮಾತಿನ್ಯಾಗೂ ಎತ್ತಿದ್ರ. ಯಾಕ ಮಾಡಿದ್ಯೋ ಯಪ್ಪಾ ಅಂದ್ರ ಬರೇ ನಗತಿದ್ದ."

ನಾನು ಚಹಾ ಕುಡಿದು ಮುಗಿಸಿದೆ. ತಿರುಗಿ ಹೋಗುವ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ.

ಈಗ ಆ ಬಯಲಲ್ಲಿ ಕಬ್ಬು ನಿಂತಿದೆ. ಸಾಂಬ್ರಾದಿಂದ ನನ್ನ ಮೊಮ್ಮಕ್ಕಳು ವಿಮಾನ ಹತ್ತಿ ಹೋಗಿ ಬರುತ್ತಾರೆ. ಆ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಅದೆಲ್ಲ ಹೋದದ್ದಕ್ಕೆ ನನಗೆ ದುಃಖವಿಲ್ಲ. ಹೋದ ವರ್ಷ ಬಾಳಪ್ಪ ಕಾಕಾನ ಮಗಳೂ ತೀರಿಕೊಂಡಳು. ನಾನು ಖರೆ ಹೇಳಬಹುದಾಗಿದ್ದವರಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅಪ್ಪ ಕಳ್ಳನೆಂದು ನಂಬಿಕೊಂಡೇ ಹೋದಳು.