ಗಂಟೆ ಬಾರಿಸದ ವರ್ಷ

ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಕೋಣೆಯಲ್ಲಿ ಆಕೆಯನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಅನುಮಾನದಮ್ಮ. ಹಾಕಿದ ಚಿಲಕವನ್ನು ಮತ್ತೆ ಎಳೆದು ನೋಡುವ ಆ ಹೆಂಗಸು ಮನುಷ್ಯರನ್ನು ಅಳೆಯುವಂತೆಯೇ ಪ್ರೋಗ್ರಾಮಿಂಗ್ ಭಾಷೆಗಳನ್ನೂ ಅಳೆಯುತ್ತಿದ್ದಳು. ಸಿ ಭಾಷೆ ಮೆಚ್ಚು: ಹೇಳಿದ್ದನ್ನು ಮಾಡುತ್ತದೆ, ತುಟಿಪಿಟಕ್ಕೆನ್ನುವುದಿಲ್ಲ. ಜಾವಾ, ಹಿಡಿಯಷ್ಟು ಕೆಲಸಕ್ಕೆ ಮಾರುದ್ದ ಪೀಠಿಕೆ ಹಾಕುವ ಬಡಾಯಿಗಾರ. ಪೈಥಾನ್ ಮಾತ್ರ ಸುತರಾಂ ಹಿಡಿಸದು.

"ಯಾವ ಡಬ್ಬದಲ್ಲಿ ಏನಿದೆ ಅಂತ ಕೇಳದೆ ಒಳಗೆ ಬಿಟ್ಕೊಳ್ಳುತ್ತೆ. ಅಷ್ಟು ಸಲೀಸಾಗಿದೆ ಅಂದ್ರೆ ಏನೋ ಮುಚ್ಚಿಡ್ತಿದೆ."

ಆ ಪೈಥಾನೇ ಈಗ ಪಕ್ಕದ ಮೇಜಿಗೆ ಬಂದಿತ್ತು, ಅದೂ ಸ್ವಂತ ತಂಗಿಯ ಮಗಳ ಕೈಯಿಂದ. ಕೋಣೆಗಳ ತಾಪ ಮಿತಿ ಮೀರಿದರೆ ಗಂಟೆ ಬಾರಿಸುವುದು ದೊಡ್ಡಮ್ಮನ ಹಳೆಯ ಪ್ರೋಗ್ರಾಮಿನ ಕೆಲಸ. ಅದಕ್ಕೆ ಬದಲಿಯಾಗಿ ಹುಡುಗಿ ಹೊಸದನ್ನು ಬರೆದಿದ್ದಳು. ಎರಡನ್ನೂ ಅಕ್ಕಪಕ್ಕ ಓಡಿಸಿ, ಮೇಲಾದುದನ್ನು ಉಳಿಸಿಕೊಳ್ಳುವುದಾಗಿ ಮ್ಯಾನೇಜರ್ ಹೇಳಿದ್ದರು. ಸೋತರೆ ಈ ಕೋಣೆಯಲ್ಲಿ ತನ್ನ ಮಾತಿಗೆ ಕವಡೆ ಕಿಮ್ಮತ್ತೂ ಉಳಿಯದೆಂದು ಆಕೆಗೆ ಗೊತ್ತಿತ್ತು. ಹುಡುಗಿ ಚಹಾ ತಂದಿಟ್ಟರೆ, ಇದರ ಹಿಂದೇನಿದೆಯೋ ಎಂದು ಲೋಟವನ್ನೇ ದಿಟ್ಟಿಸುತ್ತಿದ್ದಳು.

"ಹೋದ ವರ್ಷವೆಲ್ಲ ನನ್ನದು ಒಂದು ಸಲವೂ ಗಂಟೆ ಬಾರಿಸಿಲ್ಲ. ಅಷ್ಟು ಅಚ್ಚುಕಟ್ಟು ನಮ್ಮ ಕೋಣೆಗಳು," ಎಂದು ಮ್ಯಾನೇಜರಿಗೆ ಹೇಳಿಬಂದಿದ್ದಳು.

ಮೊದಲ ಬೆಳಿಗ್ಗೆಯೇ ಪೈಥಾನ್ ಕೆಂಪಕ್ಷರ ಕಾರಿ ನಿಂತುಹೋಯಿತು.

"ನೋಡಮ್ಮಾ, ನಿನ್ನ ಮುದ್ದಿನ ಕೂಸು ಮಕಾಡೆ ಬಿತ್ತು."

"ಯಾಕೆ ಬಿದ್ದೆ ಅಂತನಾದ್ರೂ ಹೇಳ್ತಿದೆಯಲ್ಲ ದೊಡ್ಡಮ್ಮ." ಹುಡುಗಿ ಪರದೆಯತ್ತ ಬಾಗಿದಳು. "ಪಟ್ಟಿಯಲ್ಲಿ ಇಪ್ಪತ್ತೇ ಕೋಣೆಗೆ ಜಾಗ, ಇಪ್ಪತ್ತೊಂದನೆಯದು ಬಂದಿದೆಯಂತೆ. ಹೋದ ವರ್ಷದ ಮೊದಲಲ್ಲೇ ಕಟ್ಟಿದ ಹಣ್ಣಿನ ಕೋಣೆ ಅದು. ಇಪ್ಪತ್ತು ಅನ್ನೋದನ್ನ ನಿಮ್ಮ ಪ್ರೋಗ್ರಾಮಿಂದಲೇ ಎತ್ಕೊಂಡೆ."

"ಹಾಗಾದ್ರೆ ನನ್ನದ್ಯಾಕೆ ಬೀಳಲಿಲ್ಲ?"

ಗೆದ್ದ ದನಿಯಲ್ಲಿ ಕೇಳಿದ ಪ್ರಶ್ನೆ ತಿರುಗಿ ಆಕೆಯನ್ನೇ ಕಚ್ಚಿತು. ಜಾಗವೇ ಇಲ್ಲದ ಇಪ್ಪತ್ತೊಂದನೆಯದನ್ನು ಸಿ ಎಲ್ಲಿಟ್ಟಿತು?

ಪ್ರೋಗ್ರಾಮನ್ನು ನಿಲ್ಲಿಸಿ ಕಂಪ್ಯೂಟರಿನ ಮೆಮೊರಿಯ ಮನೆಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಕೋಣೆಗಳ ಸಾಲು ಮುಗಿದೊಡನೆ ಇದ್ದದ್ದು ಗಂಟೆಯ ಮಿತಿ. ಹಾಲು ಕೆಡದಂತೆ ಆಕೆಯೇ ಇಟ್ಟ ಐದು ಡಿಗ್ರಿಯ ಮೇಲೆ ಹಣ್ಣಿನ ಕೋಣೆಯ ಹನ್ನೆರಡು ಡಿಗ್ರಿ ಸದ್ದಿಲ್ಲದೆ ಬಂದು ಕೂತಿತ್ತು. ಹಾಲಿನ ಕೋಣೆ ಹನ್ನೆರಡು ದಾಟುವವರೆಗೆ ಗಂಟೆ ಬಾರಿಸುವಂತೆಯೇ ಇರಲಿಲ್ಲ. ಹಾಲು ಒಡೆದು ವಾಪಸಾದಾಗಲೆಲ್ಲ ಆಕೆ ಲಾರಿಯವರನ್ನು ಅನುಮಾನಿಸಿದ್ದಳು, ಕಾವಲುಗಾರನನ್ನೂ ಬಿಟ್ಟಿರಲಿಲ್ಲ. ತುಟಿಬಿಚ್ಚದ ಸಿ ಮೇಲೆ ಒಂದು ದಿನವೂ ಕಣ್ಣು ಹೋಗಿರಲಿಲ್ಲ.

ಹೊಸ ಕೋಣೆಗೊಂದು ಜಾಗವನ್ನೂ ಅದರದೇ ಬೇರೆ ಮಿತಿಯನ್ನೂ ಕೊಟ್ಟು ಮತ್ತೆ ಓಡಿಸಿದಳು. ಗಂಟೆ ಬಡಿದುಕೊಂಡಿತು. ಹಾಲಿನ ಕೋಣೆಯೊಂದು ಎಂಟು ಡಿಗ್ರಿಯಲ್ಲಿತ್ತು.

"ನಾನೇನೂ ಮ್ಯಾನೇಜರಿಗೆ ಹೇಳಲ್ಲ ದೊಡ್ಡಮ್ಮ," ಎಂದಳು ಹುಡುಗಿ ಮೆಲ್ಲಗೆ.

"ಬಾಯಿ ಮುಚ್ಕೊಂಡಿರೋರನ್ನ ನಂಬಿದ್ದು ಸಾಕು. ನಾನೇ ಹೇಳ್ತೀನಿ." ಸೆರಗು ಸರಿಮಾಡಿಕೊಂಡು ಎದ್ದಳು. "ನಿನ್ನದೇ ಇರಲಿ ಅಂತಲೂ ಹೇಳ್ತೀನಿ. ಆದ್ರೆ ಒಂದೊಂದು ಸಾಲೂ ನಾನು ಓದಿದ ಮೇಲೇ ಓಡಬೇಕು. ಅನುಮಾನ ಹೋಯ್ತು ಅಂದ್ಕೋಬೇಡ."

"ಹೋದ್ರೆ ನನಗೇ ಅನುಮಾನ ಬರುತ್ತೆ."

ಆಕೆ ನಗಲಿಲ್ಲ. ಹುಡುಗಿ ಬೆಳಿಗ್ಗೆ ತಂದಿಟ್ಟು ಆರುತ್ತಿದ್ದ ಚಹಾವನ್ನು ಒಮ್ಮೆ ಮೂಸಿ, ಗಟಗಟನೆ ಕುಡಿದು, ಮ್ಯಾನೇಜರರ ಕೋಣೆಯತ್ತ ನಡೆದಳು.