ಎರಡು ಕೋಟಿಯ ಮುಂದೆ ಒಂದು

ಗೆಳೆಯರು ಅವನನ್ನು ಪೊಟ್ಟಣ ಎಂದೇ ಕರೆಯುತ್ತಿದ್ದರು. ಯಾರೋ ಬರೆದ ಸಾಫ್ಟ್‌ವೇರನ್ನು ಜನರ ಕಂಪ್ಯೂಟರಿನಲ್ಲಿ ಸಲೀಸಾಗಿ ಕೂರುವಂತೆ ಪ್ಯಾಕ್ ಮಾಡಿ, ಮೇಲೊಂದು ಆವೃತ್ತಿ ಸಂಖ್ಯೆ ಹಾಕಿ ಕಳಿಸುವುದು ಅವನ ಕೆಲಸ. ವಿಪರೀತ ಅಚ್ಚುಕಟ್ಟಿನ ಆಸಾಮಿ. ತನ್ನ ತಪ್ಪನ್ನು ನಾಲ್ಕು ಜನ ನೋಡುವುದೆಂದರೆ ಅವನಿಗೆ ಜೀವ ಹೋದಷ್ಟು ಸಂಕಟ.

ಅವನ ಅಕ್ಕನಿಗೆ ಕಣ್ಣು ಕಾಣದು. ಪರದೆಯಲ್ಲಿರುವುದನ್ನು ಓದಿ ಹೇಳುವ, ಅವನೇ ಪ್ಯಾಕ್ ಮಾಡಿದ್ದ ಒಂದು ಪ್ರೋಗ್ರಾಂ ನಂಬಿಕೊಂಡು, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮನೆಯಿಂದಲೇ ಗಿರಾಕಿಗಳ ಫೋನು ನೋಡಿಕೊಳ್ಳುತ್ತಿದ್ದಳು. ಇತ್ತೀಚೆಗೆ ಆ ಪ್ರೋಗ್ರಾಂ ಅಂಕಿಗಳನ್ನು ನುಂಗತೊಡಗಿತ್ತು. ನಂಬರು ತಪ್ಪಿ ಕರೆಗಳು ಎಲ್ಲೆಲ್ಲೋ ಹೋದವು. ಸೋಮವಾರದೊಳಗೆ ಸರಿಯಾಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಮೇಲಧಿಕಾರಿ ಹೇಳಿಬಿಟ್ಟಿದ್ದ.

ಪ್ರೋಗ್ರಾಂ ಬರೆದವರು ದೋಷ ತಿದ್ದಿ ಹೊಸದನ್ನು ಬಿಟ್ಟರು. ಪೊಟ್ಟಣ ಅದನ್ನು ಪ್ಯಾಕ್ ಮಾಡಿ ಕಳಿಸಿ, ಭಾನುವಾರ ಬೆಳಿಗ್ಗೆ ಅಕ್ಕನ ಪಕ್ಕ ಕೂತು ಅಪ್‌ಡೇಟ್ ಒತ್ತಿದ.

“ಹೊಸದೇನೂ ಇಲ್ಲ,” ಎಂದಿತು ಲ್ಯಾಪ್‌ಟಾಪ್.

“ಇಲ್ಲ ಅಂದ್ರೆ? ಈಗ ತಾನೆ ಕಳ್ಸಿದೀನಲ್ಲ!”

ಮತ್ತೆ ಒತ್ತಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಂಟರ್ನೆಟ್ ನೋಡಿದ, ಸರ್ವರ್ ನೋಡಿದ, ಏನೂ ತೋಚದೆ ಪಾಪದ ವೈರನ್ನೂ ಅಲ್ಲಾಡಿಸಿದ. ಕೈಯಾರೆ ಹಾಕೋಣವೆಂದರೆ ಆಫೀಸಿನ ಲ್ಯಾಪ್‌ಟಾಪು ಬಿಡದು. ತಲೆ ಕೆಟ್ಟುಹೋಯಿತು.

“ಹಳೇ ಆವೃತ್ತಿ ನಂಬರ್ ಎಷ್ಟೋ?” ಅಕ್ಕ ಕೇಳಿದಳು.

“ಅವ್ರು ನಂಬರೇ ಕೊಟ್ಟಿರ್ಲಿಲ್ಲ ಕಣೇ. ನಾನೇ ಆವತ್ತಿನ ತಾರೀಕು ಹಾಕ್ದೆ. ವರ್ಷ, ತಿಂಗಳು, ದಿನ, ಒಟ್ಟಿಗೆ ಸೇರಿಸಿ.”

“ಅಂದ್ರೆ ಎರಡು ಕೋಟಿ ಚಿಲ್ಲರೆ. ಹೊಸದು?”

“ಈಗ ಮೊದಲ್ನೇ ಸಲ ಅವ್ರೇ ಕೊಟ್ಟಿದಾರೆ… ಒಂದು.”

ಕಂಪ್ಯೂಟರಿಗೆ ತಾರೀಕು ಯಾವುದು, ಎಣಿಕೆ ಯಾವುದು? ದೊಡ್ಡ ಅಂಕಿಯೇ ಅದಕ್ಕೆ ಹೊಸದು. ಅಂದು ತಾರೀಕಿಗೂ ಮೊದಲು ಒಂದು ಸೊನ್ನೆ, ಒಂದು ಚುಕ್ಕಿ ಇಟ್ಟಿದ್ದರೆ ಸಾಕಿತ್ತು, ಅದು ಒಂದಕ್ಕಿಂತ ಚಿಕ್ಕದಾಗಿರುತ್ತಿತ್ತು. ಪೊಟ್ಟಣ ಹಣೆ ಚಚ್ಚಿಕೊಂಡ.

ಉಳಿದದ್ದು ಒಂದೇ ದಾರಿ. ಆವೃತ್ತಿ ಸಂಖ್ಯೆಗೂ ಮೊದಲು ಇನ್ನೊಂದು ಅಂಕಿ ಬರೆದು, ಎಣಿಕೆ ಇಲ್ಲಿಂದ ಹೊಸದಾಗಿ ಶುರು ಎನ್ನಬೇಕು. ಒಮ್ಮೆ ಬರೆದರೆ ಮುಂದೆಂದೂ ತೆಗೆಯುವಂತಿಲ್ಲ; ತೆಗೆದರೆ ಮತ್ತೆ ಇದೇ ಗೋಳು. ಆ ಅಂಕಿ ಕಂಡ ಕಸುಬಿನವರೆಲ್ಲ, ಇಲ್ಲೊಬ್ಬ ಎಡವಿದ್ದಾನೆ ಎಂದು ನಕ್ಕೇ ನಗುತ್ತಾರೆ. ಅವನ ಬೆರಳು ಕೀಲಿಯ ಮೇಲೇ ನಿಂತಿತು.

“ಬೇರೆ ದಾರಿ ಇದ್ಯಾ ಅಂತ ನೋಡ್ಲಾ?”

“ನಾಳೆ ಸೋಮವಾರ ಕಣೋ,” ಎಂದಳು ಅಕ್ಕ, ಮೆಲ್ಲಗೆ.

ಅವನು ಆ ಜಾಗದಲ್ಲಿ ‘ಒಂದು’ ಎಂದು ಬರೆದು ಕಳಿಸಿದ. ಈ ಸಲ ಅಪ್‌ಡೇಟ್ ಮರುಮಾತಿಲ್ಲದೆ ಇಳಿಯಿತು. ಅಕ್ಕ ಅವನ ಫೋನ್ ನಂಬರ್ ಓದಿಸಿದಳು, ಒಂದಂಕಿಯೂ ತಪ್ಪಲಿಲ್ಲ. ಆಮೇಲೆ ಆವೃತ್ತಿ ಸಂಖ್ಯೆಯನ್ನೂ ಓದಿಸಿದಳು.

“ಎರಡು ಸಲ ಒಂದು ಅಂತಲ್ಲೋ. ಮೊದಲ್ನೇದು ಯಾರದು?”

“ನಂದು. ಇನ್ನು ಅದು ಯಾವತ್ತೂ ಹೋಗಲ್ಲ.”

“ನನ್ನ ಕೆಲ್ಸಾನೂ ಹೋಗಲ್ಲ ಬಿಡು,” ಎಂದ ಅಕ್ಕ ಅದನ್ನೇ ಇನ್ನೊಮ್ಮೆ ಓದಿಸಿ ಕೇಳಿದಳು.