ದೇವಿಗೆ ಯಾವ ಊರು ಕೇಳಿದ್ದು

ಸಿಇಟಿ ಬರೆದ ವರ್ಷ ನನ್ನ ಮುಂದೆ ಎರಡು ಕಾಲೇಜುಗಳಿದ್ದವು. ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ನನ್ನ ರ‍್ಯಾಂಕಿಗೆ ಸಿಗುವಂತಿದ್ದುದು ನನಗೆ ಬೇಡವಾದ ಸಿವಿಲ್; ಶಿವಮೊಗ್ಗದ ಚಿಕ್ಕ ಕಾಲೇಜೊಂದರಲ್ಲಿ ಬೇಕಾದ ಎಲೆಕ್ಟ್ರಾನಿಕ್ಸ್. ನಾನು ದಡ್ಡಿಯೇನಲ್ಲ. ಆದರೆ ಶಿಕಾರಿಪುರದಲ್ಲಿ ನಾನು ಪಿಯುಸಿ ಓದಿದ ಕಾಲೇಜು ಕಟ್ಟಿಸಿದ್ದ, ಒಳ್ಳೆಯ ರ‍್ಯಾಂಕ್ ಬಂದವರ ಫ್ಲೆಕ್ಸಿನಲ್ಲಿ ನನ್ನ ಫೋಟೊ ಇರಲಿಲ್ಲ. ಮೊದಲ ಆಯ್ಕೆಯಾಗಿ ಯಾವುದನ್ನು ಹಾಕಿದರೂ ಅದೇ ಸಿಗುತ್ತದೆ ಎಂಬುದು ಹೆಚ್ಚುಕಡಿಮೆ ಖಚಿತವಿತ್ತು. ಮನೆಯಲ್ಲಿ ಮಾತ್ರ ತೀರ್ಮಾನವಾಗಲಿಲ್ಲ.

ಅಮ್ಮನ ತವರು ಸೊರಬದ ಕಡೆ. ಅಲ್ಲಿ ಸಂಬಂಧ ಕುದುರಿಸುವುದಿರಲಿ, ಬೋರ್ ಕೊರೆಸುವುದಿರಲಿ, ಊರದೇವಿಯ ಹತ್ತಿರ ಹೂ ಕೇಳುತ್ತಾರೆ. ದೇವಿಯ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯಿಂದ ಬಿದ್ದರೆ ಇಲ್ಲ. ಕೇಳುವುದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಒಂದು ಭಾನುವಾರ ಮೂವರೂ ಹೋಗಿ ಕೈಮುಗಿದು ನಿಂತೆವು. ಸೋಮವಾರವೂ ಇರಬಹುದು, ಅಪ್ಪ ಆಫೀಸಿಗೆ ರಜೆ ಹಾಕಿದ್ದರೇನೋ. ಹೂ ಬಲಕ್ಕೆ ಬಿತ್ತು.

"ಆತಲ್ಲ, ಬೆಂಗಳೂರೇ," ಅಂದಳು ಅಮ್ಮ, ಹೂವನ್ನು ಸೆರಗಿಗೆ ಹಾಕಿಕೊಳ್ಳುತ್ತ.

ಅಪ್ಪ ತಿರುಗಿ ನೋಡಿದರು. "ಬೆಂಗಳೂರು ಎಲ್ಲಿಂದ ಬಂತೇ? ನಾ ಕೇಳ್ಕಂಡಿದ್ದು ಶಿವಮೊಗ್ಗ."

"ನನ್ನ ತವರಿನ ದೇವಿ ಕಣ್ರೀ. ನನ್ನ ಬಿಟ್ಟು ನಿಮ್ಮ ಮಾತು ಕೇಳ್ತಾಳಾ?"

"ಅಳಿಯ ಅಂದ್ರೆ ಅವಳಿಗೂ ಮರ್ಯಾದೆ ಇರ್ತದೆ, ಮಾರಾಯ್ತಿ."

ಇನ್ನೊಮ್ಮೆ ಕೇಳಬಹುದೇ ಎಂದು ಅಮ್ಮ ಪೂಜಾರಿಯವರತ್ತ ನೋಡಿದಳು. "ಕೊಟ್ಟ ಮೇಲೆ ಮತ್ತೆ ಕೇಳಂಗಿಲ್ಲ," ಅಂದರು ಅವರು. "ಗಂಡ ಹೆಂಡ್ತಿ ಮನೇಲೇ ಮಾತಾಡ್ಕಂಡು ಬರಬಾರ್ದಾ? ಹೋಗ್ಲಿ, ಓದೋಳು ಏನು ಕೇಳ್ಕಂಡ್ಲು?"

ನಾನು ಏನೂ ಕೇಳಿಕೊಂಡಿರಲಿಲ್ಲ. ಹಾಗೆಂದೇ ಹೇಳಿದೆ.

"ಏನೂ ಇಲ್ವಾ?" ಅಂದಳು ಅಮ್ಮ. "ಓದು ನಿಂದು ಕಣೇ."

ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಅಮ್ಮ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತರು. ಜಾಗವಿರಲಿಲ್ಲವೋ ಮುನಿಸೋ, ಈಗ ಹೇಳಲಾರೆ. ಮನೆಗೆ ಬಂದ ಮೇಲೆ ಶಿವಮೊಗ್ಗವನ್ನು ಮೊದಲು ಹಾಕಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಎಲೆಕ್ಟ್ರಾನಿಕ್ಸ್ ಎಂದಿದ್ದೇನೆ. ಅದು ನಿಜವಿರಬೇಕು. ದೊಡ್ಡ ಕಾಲೇಜಿನಲ್ಲಿ ಕೊನೆಯ ಬೆಂಚು ಸಿಗುತ್ತದೆಂಬ ಹೆದರಿಕೆಯಿತ್ತೇ? ಆ ದಿನ ಹೆದರಿಕೆಯಾದ ನೆನಪಿಲ್ಲ. ಸಂತೋಷವಾದ ನೆನಪೂ ಇಲ್ಲ. ಅಪ್ಪ, "ಗಟ್ಟಿನಾ?" ಎಂದರು. ಹೂಂ ಎಂದೆ.

ಸೀಟು ಹಂಚಿಕೆಯಾದ ದಿನ ಪಕ್ಕದ ಮನೆಯವರು ಅಷ್ಟು ಚಿಕ್ಕ ಕಾಲೇಜು ಯಾಕೆ ಎಂದು ಕೇಳಿದರು. "ದೇವಿನೇ ಅಲ್ಲಿಗೆ ಅಂದ್ಲು, ಇನ್ನೇನು," ಅಂದಳು ಅಮ್ಮ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ನಾನು ಒಳಗೆ ಹೋಗಿ, ಹಾಸ್ಟೆಲಿಗೆ ಯಾವ ಹೊದಿಕೆ ಒಯ್ಯಬೇಕೆಂದು ನೋಡತೊಡಗಿದೆ.